ಮೂರು ಹೊಲಿಗೆ ಹಿಂದಕ್ಕೆ

…ಅಲ್ಲ ಕಣ್ರೀ, ಇದನ್ನ ನನ್ನ ಮೆಷಿನ್ ಮೇಲೆ ಮತ್ತೆ ನೋಡ್ತೀನಿ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ! ನಿಮ್ಮ ದೊಡ್ಡವಳ ಯೂನಿಫಾರ್ಮ್ ಸ್ಕರ್ಟು! ಒಂದೂವರೆ ವರ್ಷದ ಹಿಂದೆ ಇದೇ ಸ್ಟೂಲಿನ ಮೇಲೆ ಕೂತು ಏನಂದಿದ್ರಿ? "ಇದನ್ನ ನೆಲ ಒರೆಸೋಕೆ ಹಾಕ್ತೀನಿ, ನನ್ನ ಮಕ್ಕಳು ಇನ್ಮೇಲೆ ಆ ಗೇಟೊಳಗೆ ಕಾಲಿಡಲ್ಲ, ಮನೇಲಿ ನಾನೇ ಓದಿಸ್ತೀನಿ." ಅಂದಿದ್ರೋ ಇಲ್ವೋ? ಕೂತ್ಕೊಳ್ಳಿ ಟೀಚರಮ್ಮ, ಕೂತ್ಕೊಳ್ಳಿ. ಆ ಗುಂಡಿ ಡಬ್ಬಿ ಪಕ್ಕಕ್ಕಿಡಿ. ಹಾಂ.

ಇದೇನು, ಚೀಟಿ ಬೇರೆ ಪಿನ್ ಮಾಡಿದ್ದೀರಿ? "ಸೊಂಟ ಬಿಡಬೇಕು. ಸೋಮವಾರಕ್ಕೆ." ಒಂದು ಮಹಡಿ ಇಳಿದು ಬಂದವರಿಗೆ ಎರಡು ಮಾತು ಬಾಯಲ್ಲಿ ಹೇಳೋಕೆ ಆಗಲಿಲ್ವಾ? ಸೋಮವಾರ ಏನು… ಓ. ಓಹೋ! ಮತ್ತೆ ಶಾಲೆಗಾ? ಮೇಲಿನ ಮಹಡಿ ವಿಶ್ವವಿದ್ಯಾಲಯ ಬಾಗಿಲು ಹಾಕ್ತಾ?

ಹಾಗೆ ನೋಡಬೇಡಿ ನನ್ನ. ನನ್ನ ಬಾಯಿ ಹೀಗೇ ಅಂತ ಇಡೀ ಬಿಲ್ಡಿಂಗಿಗೆ ಗೊತ್ತು. ಆದ್ರೂ ಏನು ಶಾಲೆ ರೀ ಅದು! ಫ್ರಿಜ್ಜಿನ ಬಾಗಿಲಿಗೆ ಟೈಮ್‌ಟೇಬಲ್ಲು. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ವಿಜ್ಞಾನ, ಹನ್ನೊಂದಕ್ಕೆ ಕುಕ್ಕರ್ ಕೂಗಿದ ಕೂಡಲೇ ಟೀಚರು ನಾಪತ್ತೆ! ಚಿಕ್ಕವಳಂತೂ ಬಿಡಿ, ಹದಿಮೂರು ತುಂಬಿದ ಮಹಾರಾಣಿ, ತಲೆ ಬಾಚದೆ ಸಮಾಜ ವಿಜ್ಞಾನ ಓದ್ತಾಳೆ. ಮೊನ್ನೆ ತಕ್ಕಡಿ ತಗೊಂಡು ಬಂದು ನನ್ನ ಕತ್ತರಿ, ನನ್ನ ಇಸ್ತ್ರಿ ಪೆಟ್ಟಿಗೆ, ಎಲ್ಲಾ ತೂಕ ಹಾಕಿ ಬರ್ಕೊಂಡು ಹೋದ್ಲು. "ಪ್ರಾಜೆಕ್ಟು ಆಂಟಿ" ಅಂತೆ. ಇನ್ನೊಂದು ಚೂರು ನಿಂತಿದ್ರೆ ನನ್ನನ್ನೂ ತಕ್ಕಡಿ ಮೇಲೆ ಹತ್ತಿಸ್ತಿದ್ಲು.

ನಾನಂತೂ ಬೆಂಚಿನ ಮೇಲೆ ಕೂತು, ಮೇಷ್ಟ್ರ ಕೈಲಿ ಏಟು ತಿಂದು, ಹತ್ತನೇ ಕ್ಲಾಸು ಪಾಸಾದವಳು. ಅದಕ್ಕೇ ನಂಗೆ ಇದೆಲ್ಲ ತಮಾಷೆಯಾಗಿ ಕಾಣುತ್ತೆ.

…ಏನು? ಚೀಲ ತಡಕ್ತಿದ್ದೀರಾ? ಸರಿ.

ಆಮೇಲೆ ದೊಡ್ಡವಳಿಗೆ ಹತ್ತನೇ ಕ್ಲಾಸಿನ ಸರ್ಟಿಫಿಕೇಟು ಬೇಕಲ್ಲ ಅಂತ ಹುಡುಕಾಟ ಶುರುವಾಯ್ತು. ಅಬ್ಬಬ್ಬಾ! ಮದುವೆಗೆ ಗಂಡು ಹುಡುಕೋವಾಗ್ಲೂ ಜನ ಅಷ್ಟು ವಿಚಾರಿಸಲ್ಲ. ಊಟದ ಮೇಜಿನ ಮೇಲೆ ಮೂರು ದೂರಶಿಕ್ಷಣ ಶಾಲೆಗಳ ಮಾಹಿತಿ ಪುಸ್ತಕ ಹರಡ್ಕೊಂಡು ಒಂದು ತಿಂಗಳು ಕೂತ್ರಿ. ಒಂದು ಕಂಪ್ಯೂಟರಿನ ಶಾಲೆ, ಬೆಳಗಿಂದ ಸಾಯಂಕಾಲದ ತನಕ ಕ್ಯಾಮೆರಾ ಮುಂದೆ ಮುಖ ಇಟ್ಕೊಂಡು ಕೂರಬೇಕು. ಇನ್ನೊಂದರಲ್ಲಿ ಪಾಠವೇ ಇಲ್ಲ, ವರ್ಷದ ಕೊನೇಲಿ ಹೋಗಿ ಪರೀಕ್ಷೆ ಬರೆದು ಬರಬೇಕು. ಮೂರನೇದು ಪೋಸ್ಟಿನ ಶಾಲೆ. ಪಾಠ ಪೋಸ್ಟಲ್ಲಿ ಬರುತ್ತೆ, ಪರೀಕ್ಷೆನೂ ಪೋಸ್ಟಲ್ಲಿ ಬರುತ್ತೆ. ದೊಡ್ಡವಳು "ಕ್ಯಾಮೆರಾ ಬೇಡ, ಯಾರೂ ನನ್ನ ನೋಡಬಾರದು" ಅಂದ್ಲು. ಅಲ್ಲಿಗೆ ಮುಗೀತು, ಪೋಸ್ಟಿನ ಶಾಲೆ.

ಆದ್ರೆ ಆ ಶಾಲೆಯವರೂ ಏನು ಕಮ್ಮಿನಾ? ಪ್ರಶ್ನೆಪತ್ರಿಕೆ ಲಕೋಟೇಲಿ ಹಾಕಿ ಬಾಯಿಗೆ ಕೆಂಪು ದಾರದ ಹೊಲಿಗೆ! ಮನೆಯವರ ಕೈಗೆ ಕೊಡಂಗಿಲ್ಲ. ಹೊರಗಿನವರು ಒಬ್ಬರು ಇಟ್ಕೊಂಡಿರಬೇಕು, ಅವರೇ ಎದುರಿಗೆ ಕೂತು ಬರೆಸಬೇಕು, ಸಹಿ ಹಾಕಬೇಕು. ಮೇಲ್ವಿಚಾರಕಿ! ಹತ್ತನೇ ಕ್ಲಾಸಾದ್ರೂ ಪಾಸಾಗಿರಬೇಕಂತೆ. ಆಗ ನೆನಪಾದೆ ನಿಮಗೆ ಈ ಕೆಳಗಿನ ಮನೆ ಟೈಲರು. ಅಲ್ಲಿ ತನಕ ಹೊಲಿಗೆ ಮೆಷಿನ್ ಸದ್ದಿಗೆ ಮಕ್ಕಳ ಓದು ಕೆಡುತ್ತೆ ಅಂತ ದೂರು ಹೇಳ್ತಿದ್ರಿ!

…ಅದೇನದು ಚೀಲದಲ್ಲಿ? ಕಾಗದಾನಾ? ಕೊಡಿ, ಕೊಡಿ. ಕನ್ನಡಕ ಎಲ್ಲೋ… ಹಾಂ. "ಮಾನ್ಯ ಪೋಷಕರೇ… ನಿಮ್ಮ ಮಗಳ ಗಣಿತ ಪರೀಕ್ಷೆಯ ಲಕೋಟೆ… ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿರುವುದು ಕಂಡುಬಂದಿದೆ." ಅಯ್ಯೋ ದೇವರೇ! "ವಿದ್ಯಾರ್ಥಿನಿಯ ತಪ್ಪಾಗಿದ್ದಲ್ಲಿ ಹೆಸರನ್ನು ತೆಗೆದುಹಾಕಲಾಗುವುದು. ಮೇಲ್ವಿಚಾರಕರ ತಪ್ಪಾಗಿದ್ದಲ್ಲಿ ಮರುಪರೀಕ್ಷೆ… ಶನಿವಾರದೊಳಗೆ ವಿವರಣೆಯನ್ನು ಅಂಚೆಗೆ ಹಾಕತಕ್ಕದ್ದು…" ನಾಳೇನೇ ಶನಿವಾರ ಅಲ್ವಾ?

ಓಹ್. ಅದಕ್ಕೇ ಈ ಸ್ಕರ್ಟು. ನಿಮ್ಮ ಯಜಮಾನರು "ನಿನ್ನ ಶಾಲೆ ಸಾಕು, ಸೋಮವಾರದಿಂದ ಹಳೇ ಶಾಲೆಗೆ" ಅಂದಿರಬೇಕು. ಅಂದ್ರಾ? …ಹೂಂ.

ನೋಡಿ, ನಾನು ಅವಳೇ ಮಾಡಿದ್ದು ಅಂತ ಹೇಳ್ತಿಲ್ಲ. ಹದಿನಾರು ವರ್ಷ. ಭಯ ಇರುತ್ತೆ. ಲೆಕ್ಕ ಅಂದ್ರೆ ಯಾರಿಗಿರಲ್ಲ ಭಯ? ಲಕೋಟೆ ಮೂರು ದಿನ ನನ್ನ ದಾರದ ಡ್ರಾಯರಲ್ಲಿತ್ತು. ಅವಳು ದಿನಾ ಬರ್ತಾಳೆ, ಗುಂಡಿ ಹಾಕಿಕೊಡ್ತಾಳೆ, ಕಾಜಾ ಹೊಲೀತಾಳೆ. ನಾನು ಒಂದು ನಿಮಿಷ ಒಲೆ ಹತ್ರ ಹೋಗಿರ್ತೀನಿ… ಹೇಳೋಕಾಗುತ್ತಾ? ಈಗಿನ ಮಕ್ಕಳು! ಅವಳೇ ಅಂತ ಅಲ್ಲ. ಹಾಗೂ ಆಗಬಹುದು ಅಂದೆ.

ಯಾಕೆ, ಕಣ್ಣು ಕೆಂಪಾಗಿದೆ? ಅಳಬೇಡಿ ಟೀಚರಮ್ಮ. ಕೊಡಿ ಇಲ್ಲಿ ಸ್ಕರ್ಟು, ಮೊದಲು ಇದರ ಕೆಲಸ ನೋಡೋಣ.

ಈ ಸೊಂಟ… ನೆನಪಿದೆಯಾ? ಒಂದೇ ವರ್ಷದಲ್ಲಿ ಮೂರು ಸಲ ಒಳಗೆ ಹಿಡಿದುಕೊಟ್ಟಿದ್ದೀನಿ. ಮೊದಲು ಒಂದಿಂಚು. ಆಮೇಲೆ ಮುಕ್ಕಾಲು. ಆಮೇಲೆ ಮತ್ತೆ ಒಂದು. ಬೆಳೆಯೋ ಹುಡುಗಿ, ಬಟ್ಟೆ ಬಿಡಿಸೋಕೆ ಬರಬೇಕು, ಹಿಡಿಸೋಕಲ್ಲ. ಶಾಲೇಲಿ ಯಾರೂ ಪಕ್ಕ ಕೂರಿಸ್ತಿರಲಿಲ್ವಂತೆ, ಊಟದ ಡಬ್ಬಿ ತೆಗೆದ್ರೆ ಮೂಗು ಮುಚ್ಕೊತಿದ್ರಂತೆ. ತಿನ್ನೋದೇ ಬಿಟ್ಟುಬಿಟ್ಟಿದ್ಲು. ಉಗುರು ಕಚ್ಚಿ ಕಚ್ಚಿ ರಕ್ತ. ಆಗ ಯಾರು ರೀ ನಿಮಗೆ ಹೇಳಿದ್ದು? ನಾನೇ ಹೇಳಿದ್ದು! "ಮಗು ಕರಗಿಹೋಗ್ತಿದೆ, ಟೇಪು ಸುಳ್ಳು ಹೇಳಲ್ಲ" ಅಂತ. ಆಮೇಲೆ ತಾನೇ ನೀವು ಮನೇಲಿ ಕೂರಿಸ್ಕೊಂಡಿದ್ದು?

ಈಗ ನೋಡಿ, ಪೂರ್ತಿ ಬಿಚ್ಚಿದ್ರೂ ಸಾಲೋದು ಅನುಮಾನ. ಒಳ್ಳೇದಾಯ್ತು ಬಿಡಿ. ಆದ್ರೆ ಬಿಚ್ಚೋದು ಸುಲಭ ಇಲ್ಲ, ನನ್ನ ಹೊಲಿಗೆ ಇದು. ಅಂಗಡಿ ಬಟ್ಟೆ ಥರ ಅಲ್ಲ. ಸಾಲು ಮುಗಿದಾಗ ಮೂರು ಹೊಲಿಗೆ ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋಗಿ, ತುದಿ ಗಟ್ಟಿ ಮಾಡಿದ್ದೀನಿ. ಬಟ್ಟೆ ಹರಿಯುತ್ತೆ, ಹೊಲಿಗೆ ಬಿಡಲ್ಲ. ಮೂವತ್ತು ವರ್ಷದ ಕೈ!

ಅದೇ ಆ ಪೋಸ್ಟಿನ ಶಾಲೆಯವರದ್ದು ನೋಡಿ! ತಾವೇ ನೆಟ್ಟಗೆ ಹೊಲೀದೆ ಈಗ ಮಗು ಮೇಲೆ ಗೂಬೆ ಕೂರಿಸ್ತಾರೆ. ಲಕೋಟೆ ಎರಡೂ ತುದೀಲಿ ದಾರ ಹಾಗೇ ನೇತಾಡ್ತಿತ್ತು! ಒಂದು ಎಳೆ ಹಿಡಿದು ಎಳೆದ್ರೆ ಸರ್ರಂತ ಬಿಟ್ಕೊಳ್ಳೋ ಹೊಲಿಗೆ. ಅದನ್ನ ಯಾರು ಬೇಕಾದ್ರೂ…

ಏನು? ಲಕೋಟೆನೂ ವಾಪಸ್ ಕಳಿಸಿದ್ದಾರಾ? ತಂದಿದ್ದೀರಾ? ಹೌದು ಹೌದು, ಇದೇ. ಹೊಲಿಗೆ ಮುಟ್ಟದೆ ಪಕ್ಕದಲ್ಲಿ ಕತ್ತರಿಸಿ ತೆಗೀಬೇಕು ಅಂತ ಅವರ ರೂಲು, ಹಾಗೇ ತೆಗೆದಿದ್ದು…

ಸ್ಕರ್ಟ್ ಯಾಕೆ ಕಿತ್ಕೊಂಡ್ರಿ?

ಬೆಳಕಿಗೆ ಯಾಕೆ ಹಿಡಿದಿದ್ದೀರಿ, ಎರಡನ್ನೂ ಪಕ್ಕಪಕ್ಕ ಇಟ್ಕೊಂಡು… ಬೆರಳು ತೆಗೀರಿ ಅಲ್ಲಿಂದ. ತೆಗೀರಿ ಅಂದೆ.

ಹೌದು. ದಾರ ನೇತಾಡ್ತಿಲ್ಲ. ಈಗ ನೇತಾಡ್ತಿಲ್ಲ…

ಊರಲ್ಲಿ ನಾನೊಬ್ಬಳೇ ಏನು ಟೈಲರು? ಪೋಸ್ಟಾಫೀಸಲ್ಲೇ ಯಾರಾದ್ರೂ… ಮೂರು ಹೊಲಿಗೆ ಹಿಂದಕ್ಕೆ ಬರೋದು ಎಲ್ಲರೂ… ಯಾರು ಬೇಕಾದ್ರೂ…

ಫ್ಯಾನ್ ಜೋರು ಮಾಡ್ಲಾ? ಟೀ? …ಏನಾದ್ರೂ ಹೇಳಿ ರೀ. ಬೈರಿ. ಆ ಹೊಲಿಗೇನೇ ಎಣಿಸ್ತಾ ಕೂತ್ರೆ ನಾನೇನು ಮಾಡ್ಲಿ?

ಏಳನೇ ಕ್ಲಾಸು.

ಏಳನೇ ಕ್ಲಾಸಿಗೆ ಬಿಟ್ಟೆ ನಾನು ಶಾಲೆ. ಅಮ್ಮನಿಗೆ ಕಣ್ಣು ಮಂಜಾಯ್ತು, ಮೆಷಿನ್ ತುಳಿಯೋಕೆ ಕಾಲು ಬೇಕಿತ್ತು, ನನ್ನ ಕಾಲು ಎಟುಕ್ತಿತ್ತು. ಅಷ್ಟೇ ಕಥೆ. ಬೆಂಚು, ಮೇಷ್ಟ್ರು, ಏಟು, ಎಲ್ಲಾ ಏಳನೇ ಕ್ಲಾಸಿಂದು. ನೀವು ಆ ಫಾರಂ ಹಿಡ್ಕೊಂಡು ಬಂದಾಗ, "ಹತ್ತನೇ ಆಗಿದೆ ತಾನೇ?" ಅಂತ ಕೇಳಿದ್ರಿ ನೋಡಿ, ಆಗಿರಲ್ಲ ಅನ್ನೋ ಥರ ಕೇಳಿದ್ರಿ. ನಾನು "ಆಗದೆ ಏನು?" ಅಂದುಬಿಟ್ಟೆ. ಬರೆದೂಬಿಟ್ಟೆ.

ಪಾಸಾಗಿದ್ದೀನಿ ಅಂತ ಬರೆದ ಮೇಲೆ, ಆ ಹತ್ತನೇ ಕ್ಲಾಸಿನ ಪರೀಕ್ಷೆ ಹೇಗಿರುತ್ತೆ ಅಂತಾನಾದ್ರೂ ನೋಡಬೇಡ್ವಾ?

ಮಧ್ಯಾಹ್ನ, ಊಟ ಆಗಿತ್ತು, ಗಿರಾಕಿ ಯಾರೂ ಇರಲಿಲ್ಲ. ಬ್ಲೇಡಲ್ಲಿ ಲಕೋಟೆದು ಒಂದೊಂದೇ ಹೊಲಿಗೆ ಬಿಚ್ಚಿದೆ. ತೂತು ಸ್ವಲ್ಪನೂ ಹಿಗ್ಗಲಿಲ್ಲ. ಅಳತೆ ಪುಸ್ತಕದ ಹಿಂದೆ ಎರಡು ಲೆಕ್ಕ ಬರ್ಕೊಂಡೆ. ಒಂದರಲ್ಲಿ ಬರೀ ಅಕ್ಷರಗಳು, ಅಂಕಿ ಹುಡುಕೋದೇ ಕಷ್ಟ, ಬಿಟ್ಟೆ. ಇನ್ನೊಂದು… ಅಯ್ಯೋ ಟೀಚರಮ್ಮ, ಇನ್ನೊಂದು ನನ್ನ ಲೆಕ್ಕ! ವೃತ್ತದ ಸುತ್ತಳತೆ ಎಂಬತ್ತೆಂಟು, ತ್ರಿಜ್ಯ ಎಷ್ಟು ಅಂತ. ಸುತ್ತು ಸ್ಕರ್ಟಿಗೆ ಸೊಂಟ ಕತ್ತರಿಸೋವಾಗ ನಾನು ಮಾಡೋದೇ ಅದು! ಆರರಿಂದ ಭಾಗಿಸಿ ಒಂಚೂರು ಕಮ್ಮಿ ಮಾಡ್ತೀವಿ. ಹದಿನಾಲ್ಕು ಬಂತು. ಒಬ್ಬಳೇ ಕೂತು ನಕ್ಕೆ, ಗೊತ್ತಾ?

ಆಮೇಲೆ ಅದೇ ಕೆಂಪು ದಾರ ಹುಡುಕಿ, ಅದೇ ತೂತುಗಳಲ್ಲಿ ಸೂಜಿ ಇಳಿಸಿ ಹೊಲಿದೆ. ತುದಿಗೆ ಬಂದಾಗ… ಕೈ ತಾನೇ ಹಿಂದಕ್ಕೆ ಬಂತು. ಮೂರು ಹೊಲಿಗೆ. ತುದಿ ಹಾಗೇ ಸಡಿಲ ಬಿಡೋಕೆ ಬರಲ್ಲ ನನ್ನ ಕೈಗೆ.

ಇಲ್ಲ, ಇನ್ನೂ ಇದೆ. ಕೂತ್ಕೊಳ್ಳಿ.

ಪರೀಕ್ಷೆ ದಿನ ಲಕೋಟೆ ಅವಳ ಮುಂದಿಟ್ಟೆ. ಅವಳು ಹೆಬ್ಬೆರಳಲ್ಲಿ ಆ ತುದಿ ಸವರಿದ್ಲು. ಗೊತ್ತಾಗದೆ ಇರುತ್ತಾ? ಅದೇ ಹೊಲಿಗೆ ಸೊಂಟಕ್ಕೆ ಹಾಕ್ಕೊಂಡು ಒಂದು ವರ್ಷ ತಿರುಗಿದವಳು! ನನ್ನ ಮುಖ ನೋಡಿದ್ಲು. ಆಮೇಲೆ "ಕತ್ತರಿ ಕೊಡಿ ಆಂಟಿ" ಅಂದ್ಲು. ಅಷ್ಟೇ.

…ನಿಮಗೂ ಹೇಳಿಲ್ಲ, ಅಲ್ವಾ?

ಒಂದು ವಾರದಿಂದ ಮೇಲೆ ಅವರಪ್ಪ ಕೂಗಾಡೋದು ನಂಗೆ ಕೇಳಿಸ್ತಿದೆ. "ಕಳ್ಳಿ" ಅಂದಿದ್ದೂ ಕೇಳಿಸ್ತು. ನಾನು ಕೆಳಗೆ ಮೆಷಿನ್ ಜೋರಾಗಿ ತುಳಿದೆ. ಇವತ್ತು ನಿಮ್ಮ ಚೀಟಿ ನೋಡಿ ಏನೂ ಗೊತ್ತಿಲ್ಲದವಳ ಹಾಗೆ "ಸೋಮವಾರ ಏನು" ಅಂತ ಕೇಳಿದೆ. ಅವಳು ಬಾಯಿ ಬಿಟ್ಟಿಲ್ಲ. ಈ ಬಿಲ್ಡಿಂಗಲ್ಲಿ ಬಾಯಿ ಬಿಡದೆ ಇರೋಳು ಅವಳೊಬ್ಬಳೇ, ಬಾಯಿ ಇರೋಳು ನಾನೊಬ್ಬಳೇ. ಅದೂ ಯಾವುದಕ್ಕೆ ಬಂತು?

ಆ ಸ್ಕರ್ಟ್ ಅಲ್ಲೇ ಬಿಡಿ. ನೆಲ ಒರೆಸೋಕೆ ನಂಗೇ ಬೇಕು.

ಪೆನ್ನು… ಆ ಟೇಪಿನ ಪಕ್ಕ ಇದೆ, ಕೊಡಿ. ಅಳತೆ ಪುಸ್ತಕದಿಂದ ಒಂದು ಹಾಳೆ ಹರೀತೀನಿ, ಆ ಪೋಸ್ಟಿನ ಶಾಲೆಗೆ ನಾನೇ ಬರೀತೀನಿ. ಆ ಲೆಕ್ಕ ಮಾಡಿದ ಹಾಳೆನೂ ಜೊತೇಲಿ ಇಟ್ಟು ಕಳಿಸೋಣ, ನೋಡ್ಕೊಳ್ಳಲಿ. ಏಳನೇ ಕ್ಲಾಸು ಅಂತಾನೂ ಬರೀತೀನಿ. ನಿಮ್ಮ ಯಜಮಾನರಿಗೆ ಮಾತ್ರ ನೀವು ಹೇಳಬೇಡಿ, ನಾನೇ ಮೇಲೆ ಬಂದು ಅವಳ ಮುಂದೆ ಹೇಳ್ತೀನಿ.

ಇಲ್ಲ, ಕೈ ತೆಗೀರಿ, ನೀವು ಬರೀಬೇಡಿ. ತಪ್ಪಿದ್ರೂ ತಿದ್ದಬೇಡಿ ಟೀಚರಮ್ಮ. ನಿಮ್ಮ ಅಕ್ಷರ ನೋಡಿದ್ರೆ ಅವರು ನಂಬಲ್ಲ. ನನ್ನದೇ ಇರಲಿ.

…ಅದು ಹದಿನಾಲ್ಕೇ ತಾನೇ?