ಗೇಟಿನಾಚೆ ಅಮ್ಮ, ಗೇಟಿನೊಳಗೆ ನಾನು

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಶ್ರೀಮತಿ ರೋಸಲಿಂಡ್ ಕ್ರೇವನ್ ಅವರೇ, ಮುಖ್ಯ ಅತಿಥಿಗಳಾದ ಮೇಯರ್ ಅವರೇ, ಲಿಂಕನ್‌ಶೈರ್‌ನ ಈ ಚಳಿಗಾಳಿಯನ್ನೂ ಲೆಕ್ಕಿಸದೆ ಬಂದಿರುವ ಸಭಿಕರೇ, ಮೂರನೆಯ ಸಾಲಿನಲ್ಲಿ ಕೋಟು ಕಳಚದೆ ಕುಳಿತಿರುವ ನನ್ನ ಅಮ್ಮ ವಿನಿಫ್ರೆಡ್ ಅವರೇ,

ಮೂವತ್ತು ವರ್ಷ ಬಸ್ಸು ಓಡಿಸಿದವಳು ನಾನು. ಜನರಿಗೆ ಬೆನ್ನು ಕೊಟ್ಟು ಕೂತೇ ಅಭ್ಯಾಸ. ಹೀಗೆ ಮುಖ ಕೊಟ್ಟು ನಿಲ್ಲುವುದು ಇದೇ ಮೊದಲು. ತಪ್ಪಾದರೆ ಗಂಟೆ ಬಾರಿಸಿ, ಇಳಿದುಬಿಡುತ್ತೇನೆ.

ಹಿಂದಿನ ಗೋಡೆಯ ಮೇಲಿರುವ ಆ ಚಿತ್ರಕ್ಕೆ ನಮ್ಮ ಛಾಯಾಗ್ರಾಹಕರ ಸಂಘದ ಮೊದಲ ಬಹುಮಾನ ಬಂದಿದೆ. ವಿಭಾಗ ಯಾವುದು? ವೈಮಾನಿಕ ಪ್ರದರ್ಶನ. ಚಿತ್ರದಲ್ಲಿ ವಿಮಾನ ಎಲ್ಲಿದೆ? ಇಲ್ಲ! ಈ ಬಗ್ಗೆ ತೀರ್ಪುಗಾರರು ಎರಡು ಪಾತ್ರೆ ಚಹಾ ಮುಗಿಯುವವರೆಗೆ ಜಗಳವಾಡಿದರಂತೆ. ವಿಮಾನ ಏಕಿಲ್ಲವೆಂದು ಹೇಳುವುದು ನನ್ನ ಕರ್ತವ್ಯ.

ನನಗೆ ಎಂಟು ವರ್ಷವಿದ್ದಾಗ ಬೀಟ್‌ರೂಟ್ ಹೊಲದ ಮೇಲೆ ಒಂದು ಜೆಟ್ ತೀರ ತಗ್ಗಿನಲ್ಲಿ ಹಾದುಹೋಯಿತು. ಎದೆಗೂಡು ನಡುಗಿತು. ಉಳಿದ ಮಕ್ಕಳು ಅಳುತ್ತಾ ಓಡಿದರು. ನಾನು ಮಾತ್ರ ಅದು ಇನ್ನೊಮ್ಮೆ ಬರಲೆಂದು ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದೆ. ಇಂದಿಗೂ ಹಾಗೆಯೇ ನಿಂತಿದ್ದೇನೆ ಎನ್ನಬಹುದು.

ಆದರೆ ನಾನು ಯಾರ ಮಗಳು? ಪ್ರತಿ ಬೇಸಗೆಯಲ್ಲೂ ವಾಯುನೆಲೆಯ ಪ್ರದರ್ಶನದ ದಿನ ಗೇಟಿನ ಹೊರಗೆ ಯುದ್ಧವಿಮಾನಗಳ ವಿರುದ್ಧ ಬ್ಯಾನರು ಹಿಡಿದು ನಿಲ್ಲುವ ವಿನಿಫ್ರೆಡ್ ಸ್ಕೆಲ್ಟನ್ ಅವರ ಮಗಳು. ಹಳೆಯ ಹಾಸಿಗೆ ಹೊದಿಕೆಯ ಮೇಲೆ ಅಮ್ಮನ ಕೈಬರಹ: 'ಈ ಆಟ ಯಾರ ಮನೆಯ ಮೇಲೆ?' ಹಾಗಾಗಿ ಹನ್ನೊಂದು ವರ್ಷ ಆ ದಿನ ಬಂತೆಂದರೆ ನಾನು, "ಜೌಗಿನ ಕಡೆ ಹಕ್ಕಿ ಫೋಟೋ ತೆಗಿಯಕ್ಕೆ ಹೋಗ್ತೀನಮ್ಮ" ಎಂದು ಹೇಳಿ, ಹಿಂದಿನ ಗೇಟಿನಿಂದ ಒಳಹೊಕ್ಕು, ಜನರ ತಲೆಗಳ ಮೇಲಿಂದ ವಿಮಾನಗಳ ಫೋಟೋ ತೆಗೆಯಲು ಏಣಿ ಹತ್ತಿ ನಿಲ್ಲುತ್ತಿದ್ದೆ. ಸಂಜೆ ತೋರಿಸಲು ಹಕ್ಕಿಗಳು ಬೇಕಲ್ಲ? ತಾವು ತೆಗೆದ ಹಕ್ಕಿ ಚಿತ್ರಗಳನ್ನು ನಮ್ಮ ಸಂಘದ ಕಾರ್ಯದರ್ಶಿ ನಾರ್ಮನ್ ಬ್ಲೈ ಕೊಡುತ್ತಿದ್ದರು. ಅಮ್ಮನ ಹಜಾರದಲ್ಲಿ ಚೌಕಟ್ಟು ಹಾಕಿಸಿರುವ ಆ ಬಕಪಕ್ಷಿ ಕೂಡ... ಅಯ್ಯೋ. ಅಮ್ಮ, ಇದನ್ನು ಹೇಳುವ ಉದ್ದೇಶವಿರಲಿಲ್ಲ. ನಾರ್ಮನ್, ಬಾಗಿಲ ಕಡೆ ಹೋಗಬೇಡಿ.

ಹನ್ನೆರಡನೆಯ ವರ್ಷ ಹಿಂದಿನ ಗೇಟು ಮುಚ್ಚಿದ್ದರು. ಮುಖ್ಯ ಗೇಟಿನ ಸಾಲಿನಲ್ಲಿ ನನ್ನ ಕಾರು. ಕಿಟಕಿಗೆ ಯಾರೋ ತಟ್ಟಿದರು. ಕರಪತ್ರ ಹಿಡಿದ ಅಮ್ಮ! ನನ್ನನ್ನು ನೋಡಿದಳು, ಕಾರಿನ ಮೇಲಿನ ಏಣಿ ನೋಡಿದಳು, ಸೀಟಿನ ಮೇಲಿದ್ದ ಮೊಳದುದ್ದದ ಲೆನ್ಸು ನೋಡಿದಳು.

"ಗಾಜು ಇಳಿಸು ಹೇಜಲ್. ಹಿಂದಿನ ಕಾರಿನೋರು ಕಾಯ್ತಿದಾರೆ. ಇದನ್ನ ತಗೋ, ಓದು."

ಅಷ್ಟೇ. ಒಂದು ವಾರ ಮಾತಿಲ್ಲ. ಎಂಟನೆಯ ದಿನ ಮನೆಗೆ ಬಂದು, "ಎಲ್ಲಾನೂ ತೋರ್ಸು" ಎಂದಳು. ಹನ್ನೆರಡು ವರ್ಷದ ಚಿತ್ರಗಳನ್ನು ಒಂದೂ ಬಿಡದೆ ನೋಡಿದಳು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: "ರೆಕ್ಕೆ ಕೆಳಗಡೆ ಇರೋದು ಏನು?"

ಬಾಂಬು, ಕ್ಷಿಪಣಿ, ನನಗೆ ಎಲ್ಲದರ ಹೆಸರೂ ಗೊತ್ತು, ತೂಕವೂ ಗೊತ್ತು. ನಾಲ್ಕು ಚಿತ್ರದವರೆಗೆ ಹೇಳಿದೆ. ಐದನೆಯದಕ್ಕೆ ಬಾಯಿ ಬರಲಿಲ್ಲ. ಬದಲಿಗೆ, ಯಾರಿಗೂ ಹೇಳದಿದ್ದ ಒಂದು ವಿಷಯ ಹೊರಬಂತು. ಟಿವಿ ಸುದ್ದಿಯಲ್ಲಿ ಯಾವುದೋ ಊರು ಉರಿಯುತ್ತಿದ್ದಾಗ, ಹೊಗೆ ಕಣ್ಣಿಗೆ ಬೀಳುವ ಮೊದಲೇ ನಾನು ವಿಮಾನದ ಮಾದರಿ ಗುರುತು ಹಿಡಿದಿದ್ದೆ. ಖುಷಿಯಿಂದ ಹೆಸರು ಕೂಗಿಯೂ ಬಿಟ್ಟಿದ್ದೆ. ಆಮೇಲೆ ಹೊಗೆ ಕಂಡಿತು.

ಅಮ್ಮ, "ಚಹಾ ಮಾಡು" ಎಂದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಚೆನ್ನಾಗಿ ತೆಗಿತೀಯ. ಅದೇ ನಂಗೆ ಸಿಟ್ಟು" ಎಂದಳು.

ಮರುವರ್ಷ ಒಂದೇ ಕಾರಿನಲ್ಲಿ ಹೋದೆವು. ಅಮ್ಮನನ್ನು ಗೇಟಿನಲ್ಲಿ ಇಳಿಸಿ ನಾನು ಒಳಗೆ ಹೋಗುವುದೆಂದು ಒಪ್ಪಂದ. ಆ ದಿನ ಹನ್ನೊಂದು ಗಂಟೆಗೆ ಹಳೆಯ ನಾಲ್ಕು ಎಂಜಿನ್ನಿನ ಬಾಂಬರ್ ಕೊನೆಯ ಬಾರಿ ಹಾರುವುದಿತ್ತು. ಅಣುಬಾಂಬು ಹೊರಲೆಂದೇ ಕಟ್ಟಿದ ವಿಮಾನ. ನನಗೆ ಪ್ರಾಣ. ಆದರೆ ಬ್ಯಾನರಿನ ಇನ್ನೊಂದು ಕೋಲು ಹಿಡಿಯಬೇಕಿದ್ದ, ಅಮ್ಮನ ಪ್ರತಿಭಟನೆಯ ಗುಂಪಿನ ಮಿಸೆಸ್ ಗಾಸ್ಲಿಂಗ್ ಸೊಂಟನೋವೆಂದು ಬರಲೇ ಇಲ್ಲ. ಗಾಳಿಯೋ, ಎಪ್ಪತ್ತೊಂಬತ್ತರ ಅಮ್ಮನನ್ನು ಬ್ಯಾನರಿನ ಸಮೇತ ಹೊತ್ತೊಯ್ಯುವಂತಿತ್ತು.

"ನೀನು ಹೋಗೇ, ನಿನ್ನ ವಿಮಾನ ತಪ್ಪುತ್ತೆ."

"ಸುಮ್ನಿರಮ್ಮ" ಎಂದು ಇನ್ನೊಂದು ಕೋಲು ಹಿಡಿದೆ.

ನಮ್ಮ ಸಂಘದವರ ಕಾರುಗಳು ಒಂದೊಂದಾಗಿ ಮುಂದೆ ಹಾದುಹೋದವು. ನಾರ್ಮನ್ ಹಾರ್ನ್ ಹೊಡೆದು, "ಯಾವ ಹಕ್ಕಿಗೆ ಕಾಯ್ತಿದ್ದೀರಿ?" ಎಂದು ಕೂಗಿದರು. ನಾಚಿಕೆಯಿಂದ ಮುಖ ಬಿಸಿಯಾಯಿತು. ಕೋಲು ಮಾತ್ರ ಬಿಡಲಿಲ್ಲ.

ಆಗ ಬಂತು. ಬೇಲಿಯ ಒಳಗಿನವರಿಗೆ ಕಂಡದ್ದು ಪಕ್ಕೆ. ನಮ್ಮ ನೆತ್ತಿಯ ಮೇಲೆ ಅದರ ಇಡೀ ಹೊಟ್ಟೆ! ಆ ಗರ್ಜನೆಗೆ ಕೈಯಲ್ಲಿನ ಕೋಲು ನಡುಗಿತು. ಅಮ್ಮನ ಕಡೆ ತಿರುಗಿದೆ. ಬಾಯಿ ತೆರೆದಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ಎಂಟು ವರ್ಷದ ಹುಡುಗಿಯ ಮುಖ. ಒಂದು ಕೈಯಲ್ಲಿ ಕೋಲು ಒತ್ತಿ ಹಿಡಿದು, ಜೇಬಿನ ಪುಟ್ಟ ಕ್ಯಾಮೆರಾ ತೆಗೆದು, ಮೇಲಕ್ಕಲ್ಲ, ಅಮ್ಮನ ಕಡೆ ತಿರುಗಿಸಿ ಗುಂಡಿ ಒತ್ತಿದೆ.

"ಅಳಿಸ್ಬಿಡು" ಎಂದಳು ಅಮ್ಮ, ಸದ್ದು ಅಡಗಿದ ಕೂಡಲೇ. "ನಮ್ಮ ಗುಂಪಿನೋರು ನೋಡಿದ್ರೆ ಏನಂದ್ಕೋತಾರೆ?"

ಅಳಿಸಿದೆನೆಂದು ಸುಳ್ಳು ಹೇಳಬಹುದಿತ್ತು. ಹನ್ನೊಂದು ವರ್ಷದ ಅನುಭವವಿತ್ತಲ್ಲ! ಆದರೆ, "ಇಲ್ಲಮ್ಮ, ಅಳಿಸಲ್ಲ. ನೀನು ಬೇಡ ಅಂದ್ರೆ ಯಾರಿಗೂ ತೋರಿಸೋದೂ ಇಲ್ಲ" ಎಂದೆ.

ಮೂರು ವರ್ಷ ಅದು ಪೆಟ್ಟಿಗೆಯಲ್ಲಿತ್ತು. ಕಳೆದ ವಸಂತದಲ್ಲಿ ಅಮ್ಮ ತಾನಾಗಿಯೇ ಕೇಳಿ ತರಿಸಿಕೊಂಡು, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. "ಸ್ಪರ್ಧೆಗೆ ಕಳ್ಸು" ಎಂದಳು.

"ಗುಂಪಿನೋರು?"

"ನೋಡ್ಲಿ ಬಿಡೇ. ನಾನು ಮೈಮರೆತಿದ್ದು ನಿಜ. ಆದ್ರೆ ಕೈ ನೋಡು. ಎರಡು ಕೈನೂ ಕೋಲಿನ ಮೇಲೇ ಇದೆ."

ಸಭಿಕರೇ, ದಯವಿಟ್ಟು ಹಿಂದಿನ ಗೋಡೆಯ ಕಡೆ ಇನ್ನೊಮ್ಮೆ ನೋಡಿ. ಮುಖ ನೋಡಿ, ಕೈ ನೋಡಿ.

ಸಂಘಕ್ಕೆ, ತೀರ್ಪುಗಾರರಿಗೆ, ಬರದೇ ಇದ್ದು ಉಪಕಾರ ಮಾಡಿದ ಮಿಸೆಸ್ ಗಾಸ್ಲಿಂಗ್ ಅವರಿಗೆ, ಮನಸಾರೆ ಬೈಯಲು ಮೂರನೆಯ ಸಾಲಿನಲ್ಲಿ ಸಿದ್ಧಳಾಗಿ ಕುಳಿತಿರುವ ನನ್ನ ಅಮ್ಮನಿಗೆ ವಂದನೆಗಳನ್ನು ಅರ್ಪಿಸಿ ನನ್ನ ಮಾತು ಮುಗಿಸುತ್ತೇನೆ. ನಮಸ್ಕಾರ.