ಸಾಕಷ್ಟು ಸ್ಥಳವಿಲ್ಲ

ಹತ್ತಿ ಬೆಳೆಯುವ ಸೀಮೆಯಲ್ಲಿ ಒಂದು ಊರು, ಆ ಊರಿಗೆ ಒಬ್ಬ ಸಾವುಕಾರ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅವನನ್ನು ಹುಡುಕಿಕೊಂಡು ಹೋಗುತ್ತೀರಿ, ನಿಮ್ಮನ್ನು ನೀವು ನೋಡಿಕೊಳ್ಳುವುದನ್ನು ಮರೆಯುತ್ತೀರಿ. ಹತ್ತಿಯ ಮಿಲ್ಲು, ಮಹಡಿ ಮನೆ, ಮನೆಯ ತುಂಬ ಕೋಣೆಗಳು. ಜಾಗಕ್ಕೇನು ಕಡಿಮೆ ಹೇಳಿ? ಈ ಜಾಗ ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈ ಸಾವುಕಾರನಿಗೆ ಒಬ್ಬಳು ಅಕ್ಕ. ತಾಯಿ ಸತ್ತಾಗ ಅವನಿನ್ನೂ ತೊದಲು ಮಾತಿನ ಕೂಸು. ಸೊಂಟದ ಮೇಲೆ ಹೊತ್ತು, ತುತ್ತು ಮಾಡಿ ತಿನ್ನಿಸಿ ಬೆಳೆಸಿದವಳು ಆ ಅಕ್ಕ. ಈಗ ಅವಳಿಗೆ ವಯಸ್ಸಾಗಿತ್ತು, ಗಂಡ ತೀರಿಕೊಂಡಿದ್ದ. ಅಳಿಯ ಮಿಲಿಟರಿಯವನು, ದೂರದ ಅಸ್ಸಾಮಿನಲ್ಲಿದ್ದ. ಅವಳೂ ಮಗಳ ಜೊತೆ ಅಲ್ಲೇ ಇದ್ದಳು. ಅಲ್ಲಿಂದ ದಿನಾ ಸಂಜೆ ತಮ್ಮನಿಗೆ ಫೋನು ಮಾಡುವಳು. ಕೇಳುವುದು ಒಂದೇ ಮಾತು.

"ಉಂಡೀಯೇನೋ ತಮ್ಮಾ?"

ಇವನು "ಹ್ಞೂಂ" ಅನ್ನುವನು, ಫೋನು ಇಡುವನು. ದಿನಾ ಇಷ್ಟೇ.

ಆಮೇಲೆ ಅಕ್ಕನ ಗಂಟಲಿಗೆ ಹುಣ್ಣು ಬಂತು. ಆಪರೇಷನ್ ಆಯಿತು, ಧ್ವನಿ ಹೋಯಿತು. ಧ್ವನಿ ಹೋದರೆ ಅಕ್ಕರೆ ಹೋಗುತ್ತದೆಯೇ? ಮಗಳು ವಿಡಿಯೋ ಕಾಲ್ ಹಚ್ಚಿ ಕೊಡುವಳು. ಅಕ್ಕ ಐದೂ ಬೆರಳು ಕೂಡಿಸಿ, ತುತ್ತಿನಂತೆ ಬಾಯ ಹತ್ತಿರ ತಂದು, ಹುಬ್ಬು ಹಾರಿಸುವಳು. ಅದೇ ಪ್ರಶ್ನೆ, ನೋಡಿ. ಇವನು ತಲೆಯಾಡಿಸುವನು, ಇಡುವನು.

ಒಂದು ಬೆಳಿಗ್ಗೆ ಅಕ್ಕನ ಮಗಳ ಫೋನು ಬಂತು. "ಮಾಮಾ, ಅವ್ವಗ ಭಾಳ ಆಗೇತಿ. ಯಾರ್ಯಾರನ್ನ ತೋರಸಬೇಕೋ ತೋರಿಸಿಬಿಡ್ರಿ ಅಂದಾರ ಡಾಕ್ಟರು. ನಿಮ್ಮ ಮಾರಿ ನೋಡಬೇಕಂತ ಕೈ ಮಾಡಾಕತ್ತಾಳ. ಲಗೂನ ವಿಡಿಯೋ ಹಚ್ರಿ."

ಹೊರಡೋಣವೆಂದರೆ ಅಲ್ಲಿ ನೆರೆ ಬಂದು ಹಾದಿ ಮುಚ್ಚಿತ್ತು. ಅಕ್ಕನ ಮುಖ ಕಾಣಲು ಇದ್ದದ್ದು ಫೋನೊಂದೇ. ತೆರೆದ. ವಿಡಿಯೋ ಕಾಲಿನ ಆ್ಯಪು 'ಮೊದಲು ಅಪ್‌ಡೇಟ್ ಮಾಡಿ' ಎಂದಿತು. ಅದು ಎಷ್ಟೋ ದಿನದಿಂದ ಕೇಳುತ್ತಲೇ ಇತ್ತು, ಇವನು 'ಆಮೇಲೆ' ಎಂಬ ಗುಂಡಿ ಒತ್ತುತ್ತಲೇ ಇದ್ದ. ಇವತ್ತು ನೋಡಿದರೆ ಆ ಗುಂಡಿಯೇ ಇಲ್ಲ! ಕೇಳಿಸಿತೇ? ಒಂದು ದಿನ ಬರುತ್ತದೆ, ಅವತ್ತು 'ಆಮೇಲೆ' ಎಂಬ ಗುಂಡಿ ಇರುವುದಿಲ್ಲ.

ಅಪ್‌ಡೇಟ್ ಒತ್ತಿದ. ಅರ್ಧ ಇಳಿಯಿತು, ನಿಂತಿತು. ಪರದೆಯ ಮೇಲೆ ಕನ್ನಡದಲ್ಲೇ ಬಂತು: 'ಡೌನ್‌ಲೋಡ್ ಆಗಲಿಲ್ಲ. ಸಾಕಷ್ಟು ಸ್ಥಳವಿಲ್ಲ.'

ಸಾವುಕಾರ ಅದನ್ನು ಹೇಗೆ ಓದಿಕೊಂಡ ಗೊತ್ತೇ? "ಈ ಸ್ಥಳ ಸಾಲಂಗಿಲ್ಲಂತ. ಇಲ್ಲಿ ನೆಟ್ ಹಿಡಿಯಾಂಗಿಲ್ಲ" ಎಂದು ಎದ್ದ. ಪಡಸಾಲೆಯಿಂದ ಅಂಗಳಕ್ಕೆ ಬಂದ. ಅಲ್ಲೂ ಅದೇ ಮಾತು. ಫೋನು ಆರಿಸಿ ಹಚ್ಚಿದ, ಸಿಮ್ಮು ತೆಗೆದು ಒರೆಸಿ ಹಾಕಿದ. ಮಾಳಿಗೆ ಹತ್ತಿದ, ನೀರಿನ ಟಾಕಿಯ ಪಕ್ಕ ನಿಂತು ಫೋನನ್ನು ಆಕಾಶಕ್ಕೆ ಹಿಡಿದ. ಸ್ಥಳವಿಲ್ಲ. ಕಾರು ತೆಗೆದು ಮಿಲ್ಲಿಗೆ ಹೋದ. ಸ್ಥಳವಿಲ್ಲ. ಊರ ಹೊರಗಿನ ಮೊಬೈಲ್ ಟವರಿನ ಬುಡಕ್ಕೇ ಹೋಗಿ ಬಿಸಿಲಲ್ಲಿ ನಿಂತ. ಸ್ಥಳವಿಲ್ಲ! ಊರಲ್ಲೆಲ್ಲ ಆಸ್ತಿ ಮಾಡಿದವನಿಗೆ ನಿಲ್ಲಲು ಒಂದು ಸ್ಥಳ ಸಿಗಲಿಲ್ಲ, ನೋಡಿ.

ಬೇರೆಯವರ ಫೋನು ಕೇಳಬಹುದಿತ್ತಲ್ಲ ಅನ್ನುತ್ತೀರಿ. ಕೇಳುವುದು ಯಾರನ್ನು? ದಾಯಾದಿಗಳ ಜೊತೆ ಜಗಳ, ನೆರೆಯವನ ಜೊತೆ ಜಗಳ, ಮಿಲ್ಲಿನ ಮ್ಯಾನೇಜರ್ ಜೊತೆ ಮಾತು ಬಿಟ್ಟಾಗಿತ್ತು. ಆಳುಗಳನ್ನು ಕೇಳಲು ದೊಡ್ಡಸ್ತಿಕೆ ಅಡ್ಡ. ಹೆಂಡತಿಯ ಹತ್ತಿರ ಇದ್ದದ್ದು ಹಳೆಯ ಬಟನ್ ಫೋನು.

ಸಂಜೆಯ ಹೊತ್ತಿಗೆ ಸೋತು ಮನೆಗೆ ಬಂದು ಕುಸಿದು ಕೂತ. ಹೆಂಡತಿ ನೀರು ಕೊಟ್ಟು, ಫೋನು ಕೈಗೆ ತೆಗೆದುಕೊಂಡು ಓದಿದಳು.

"ರೀ, ಸ್ಥಳ ಅಂದ್ರ ನೀವು ನಿಂತ ಸ್ಥಳ ಅಲ್ಲರೀ. ಇದರ ಹೊಟ್ಟ್ಯಾಗಿನ ಸ್ಥಳ. ಒಳಗ ಕಿಕ್ಕಿರದೈತಿ, ಹೊಸಾದು ಎಲ್ಲಿ ಕುಂದರಬೇಕು?"

"ಮುಂಜಾನೇನ ಹೇಳಬಾರದಿತ್ತ?"

"ಹೇಳಾಕ ಬಂದ್ನಿ. ನಿನಗೇನ ತಿಳೀತೈತಿ, ಅತ್ಲಾಗ ಸರಿ ಅಂದ್ರಿ."

ಒಳಗೆ ಏನಿತ್ತು ಎಂದು ಇಬ್ಬರೂ ತೆಗೆದು ನೋಡಿದರು. ಮೊದಲು ಸನ್ಮಾನದ ವಿಡಿಯೋಗಳು. ಶಾಲು ಹೊದಿಸಿದ್ದು, ಪೇಟ ತೊಡಿಸಿದ್ದು, ಒಂದೇ ಹಾರವನ್ನು ನಾಲ್ಕು ಕಡೆಯಿಂದ ಹಿಡಿದದ್ದು. ಅವನ್ನು ಒಂದೊಂದಾಗಿ ಅಳಿಸಿದ. ಅಷ್ಟು ಅಳಿಸಿದರೂ ಜಾಗ ಸಾಲಲಿಲ್ಲ. ಅವುಗಳ ಕೆಳಗಿದ್ದವು ಫೋನಿನ ಮಾತಿನ ರೆಕಾರ್ಡಿಂಗುಗಳು. ಯಾರು ಮಾತಾಡಿದರೂ ತಾನಾಗಿ ರೆಕಾರ್ಡ್ ಆಗುವಂತೆ ಇಟ್ಟಿದ್ದ. ಯಾಕೆ? ನಾಳೆ ಯಾರಾದರೂ ಮಾತು ತಿರುಗಿಸಿದರೆ ಮುಖಕ್ಕೆ ಹಿಡಿಯಲು! ವರ್ಷಗಳ ಜಗಳವೆಲ್ಲ ಅಲ್ಲಿ ಭದ್ರವಾಗಿತ್ತು. ಒಂದನ್ನು ಹಚ್ಚಿದ. ಸಭೆಯಲ್ಲಿ ಮುಂದಿನ ಕುರ್ಚಿ ಯಾರದು ಎಂದು ದಾಯಾದಿಯೊಬ್ಬನ ಜೊತೆ ಆಡಿದ ಜಗಳ.

"ಈ ಧ್ವನಿ ನಂದೇನ?" ಎಂದು ಕೇಳಿದ.

"ನಿಮ್ಮದ. ನಾವು ದಿನಾ ಕೇಳ್ತೀವಲ್ಲ" ಎಂದಳು ಹೆಂಡತಿ.

ಆ ಜಗಳಗಳ ನಡುವೆ ಅಲ್ಲಲ್ಲಿ ಚಿಕ್ಕ ಚಿಕ್ಕ ರೆಕಾರ್ಡಿಂಗುಗಳಿದ್ದವು. ಅಕ್ಕನವು, ಧ್ವನಿ ಇದ್ದಾಗಿನವು. "ಉಂಡೀಯೇನೋ ತಮ್ಮಾ?" "ಹ್ಞೂಂ." ಇನ್ನೊಂದು ಹಚ್ಚಿದ. "ಉಂಡೀಯೇನೋ ತಮ್ಮಾ?" "ಹ್ಞೂಂ, ಇಡು." ಮತ್ತೊಂದು, ಮಗದೊಂದು. ಹುಡುಕಿದ, ಬಹಳ ಹುಡುಕಿದ. ತಾನು ತಿರುಗಿ 'ಅಕ್ಕಾ, ನೀ ಉಂಡಿ?' ಎಂದು ಕೇಳಿದ ಒಂದೇ ಒಂದು ಮಾತು ಸಿಗಲಿಲ್ಲ. ಸಾವುಕಾರ ಗಳಗಳನೆ ಅತ್ತುಬಿಟ್ಟ.

ಅಕ್ಕನದನ್ನು ಉಳಿಸಿ ಜಗಳವನ್ನೆಲ್ಲ ಅಳಿಸಿದ. ಅಪ್‌ಡೇಟ್ ಒತ್ತಿದರೆ ಕೂತಲ್ಲೇ, ಆ ಪಡಸಾಲೆಯಲ್ಲೇ ಇಳಿಯಿತು. ವಿಡಿಯೋ ಹಚ್ಚಿದ. ಅಕ್ಕ ಹಾಸಿಗೆಯ ಮೇಲಿದ್ದಳು. ಕಣ್ಣು ತೆರೆದಿದ್ದವು, ಕೈ ಮಾತ್ರ ಪಕ್ಕದಲ್ಲಿ ಬಿದ್ದಿತ್ತು.

"ಮಾಮಾ, ಮಧ್ಯಾಹ್ನದ ತನಕಾ ಕೈ ಮಾಡಿ ಮಾಡಿ ಕೇಳಿದ್ಲು. ಈಗ ಕೈ ಏಳವಲ್ದು" ಎಂದಳು ಮಗಳು.

ಆಗ ಅವನು ತನ್ನ ಕೈ ಎತ್ತಿದ. ಐದೂ ಬೆರಳು ಕೂಡಿಸಿ ಬಾಯ ಹತ್ತಿರ ತಂದ. "ಅಕ್ಕಾ, ನೀ ಉಂಡಿ?"

ಜನ್ಮದಲ್ಲಿ ಮೊದಲ ಸಲ ಕೇಳಿದ. ಅಕ್ಕನ ಕಣ್ಣಂಚಿನಿಂದ ನೀರು ಇಳಿದು ದಿಂಬಿಗೆ ಬಿತ್ತು. ಅವನಿಗೆ ಸಿಕ್ಕ ಉತ್ತರ ಅಷ್ಟೇ. ಬೆಳಗಾಗುವುದರೊಳಗೆ ಅವಳು ಹೊರಟುಹೋದಳು.

ಶರಣರೇ, ತಾಯಂದಿರೇ, ಮುಂಜಾನೆಯಿಂದ ಸಂಜೆಯವರೆಗಿನ ಹೊತ್ತನ್ನು ಅವನು ಕಳೆದುಕೊಂಡದ್ದು ಯಾವುದಕ್ಕೆ? ಒಳಗೆ ಜಾಗವಿಲ್ಲ ಎಂದರೆ ಹೊರಗೆ ಜಾಗ ಬದಲಿಸಿದ್ದಕ್ಕೆ. ನಾವೇನು ಮಾಡುತ್ತಿದ್ದೇವೆ? ಮನಸ್ಸಿಗೆ ನೆಮ್ಮದಿ ಇಲ್ಲವೆಂದು ಮನೆ ಬದಲಿಸುತ್ತೇವೆ, ಬಾಗಿಲಿನ ದಿಕ್ಕು ಬದಲಿಸುತ್ತೇವೆ, ಈ ಮಠ ಬಿಟ್ಟು ಆ ಮಠಕ್ಕೆ ಹೋಗುತ್ತೇವೆ. ಈಗಲೂ ನೋಡುತ್ತಿದ್ದೇನೆ, ಹಿಂದಿನವರು ಎದ್ದೆದ್ದು ಫ್ಯಾನಿನ ಕೆಳಗೆ ಜಾಗ ಹುಡುಕುತ್ತಿದ್ದೀರಿ. ಕೂತುಕೊಳ್ಳಿ. ಎಲ್ಲಿ ಕೂತರೂ ಎದೆಯೊಳಗೆ ಹಳೆಯ ಜಗಳ ತುಂಬಿಕೊಂಡಿದ್ದರೆ ನನ್ನ ಮಾತು ಅರ್ಧ ಇಳಿದು ನಿಲ್ಲುತ್ತದೆ.

ಫೋನು ಖಾಲಿ ಮಾಡಿ ಎಂದು ಹೇಳಿ ಕಳಿಸಿದರೆ ನೀವು ನಕ್ಕು ಮನೆಗೆ ಹೋಗುತ್ತೀರಿ. ಅದನ್ನೂ ಮಾಡಿ. ಆದರೆ ಇನ್ನು ಸ್ವಲ್ಪ ಹೊತ್ತಿಗೆ ದಾಸೋಹದಲ್ಲಿ ಎಲೆ ಹಾಕುತ್ತಾರೆ. ನೀವು ಮಾತು ಬಿಟ್ಟವರು ಇಲ್ಲೇ, ಈ ಪೆಂಡಾಲಿನಲ್ಲೇ ಕೂತಿದ್ದಾರೆ. ಎಲ್ಲಿ ಕೂತಿದ್ದಾರೆಂದು ನಿಮಗೆ ಗೊತ್ತು, ಬಂದಾಗಿನಿಂದ ಆ ಕಡೆ ಮುಖ ತಿರುಗಿಸಿಲ್ಲ. ಇವತ್ತು ಅವರ ಪಕ್ಕದ ಎಲೆಗೆ ಹೋಗಿ ಕೂತುಕೊಳ್ಳಿ. ಯಾರದು ತಪ್ಪು ಎಂಬ ಮಾತು ತೆಗೆಯಬೇಡಿ. ಮನೆಗೆ ಹೋದ ಮೇಲೆ, ನಿಮ್ಮನ್ನು ದಿನಾ 'ಉಂಡಿಯಾ' ಎಂದು ಕೇಳುವವರು ಒಬ್ಬರಿದ್ದಾರಲ್ಲ, ಅವರು ಕೇಳುವ ಮೊದಲು ನೀವು ಕೇಳಿ. ಕೇಳಿ, ಉತ್ತರ ಬರುವ ತನಕ ನಿಲ್ಲಿ.

ಎದ್ದೇಳಿ, ಪ್ರಸಾದಕ್ಕೆ ಹೊತ್ತಾಯಿತು. ಪಕ್ಕದ ಎಲೆಯವರು ಕಾಯುತ್ತಿದ್ದಾರೆ.