ಕಸ್ತೂರಿಯ ಅಪ್ಪನಿಗೆ ಸಿಗದ ಕೋಣೆ

ಇವತ್ತಿನ ಪ್ರವಚನದಲ್ಲಿ ದಯೆಯ ಬಗ್ಗೆ ಮಾತಾಡಬೇಕು ಅಂತ ಮಠದ ಕಮಿಟಿಯವರು ಚೀಟಿ ಕೊಟ್ಟಿದ್ದಾರೆ. ದಯೆ ಅಂದಕೂಡಲೇ ನೀವೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತೀರಿ. ಇವತ್ತು ಕಣ್ಣು ತೆರೆದೇ ಕೂತಿರಿ. ಒಂದು ಕಥೆ ಹೇಳುತ್ತೇನೆ.

ಯಾವುದೋ ಊರಿನಲ್ಲಿ ಒಬ್ಬ ಸಾಹುಕಾರ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಅವನ ಮನೆ ಕಡೆ ಕೈ ತೋರಿಸಿ ಸುಮ್ಮನಾಗುತ್ತೀರಿ. ಅವನು ಬಾಡಿಗೆಗೆ ಕೊಡಲು ಹತ್ತು ಕೋಣೆಗಳ ಚಾಳು ಕಟ್ಟಿಸಿದ. ಬಾಗಿಲಿನ ಚೌಕಟ್ಟುಗಳನ್ನು ಎಲ್ಲಿಂದ ತಂದ? ಜೈಲಿನಿಂದ. ನೋಡಿ, ಜೈಲಿನಲ್ಲಿ ಕೈದಿಗಳು ಬಡಿಗತನ ಮಾಡುತ್ತಾರೆ. ಕಟ್ಟಿಗೆ ಗಟ್ಟಿ, ಕೆಲಸ ಅಚ್ಚುಕಟ್ಟು. ಚೌಕಟ್ಟು ನಿಲ್ಲಿಸುವ ದಿನ ಪದ್ಧತಿಯಂತೆ ಪೂಜೆಯೂ ಆಯಿತು. ಐದು ಜನ ಮುತ್ತೈದೆಯರು ಚೌಕಟ್ಟಿಗೆ ಅರಿಸಿನ ಕುಂಕುಮ ಹಚ್ಚಿ ಉಡಿ ತುಂಬಿದರು. ಸಾಹುಕಾರ ಹೊಸ್ತಿಲಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದ. ಬಾಡಿಗೆಗೆ ಬಂದ ಹೆಣ್ಣುಮಕ್ಕಳು ದಿನಾ ಬೆಳಗಾದರೆ ಆ ಹೊಸ್ತಿಲು ತೊಳೆದು ಪೂಜಿಸುತ್ತಿದ್ದರು.

ಎರಡು ವರ್ಷದ ಮೇಲೆ ಆ ಚೌಕಟ್ಟು ಮಾಡಿದ ಬಡಿಗ ಬಿಡುಗಡೆಯಾದ. ಹೊಲದ ಬದುವಿನ ಜಗಳದಲ್ಲಿ ಕುಡುಗೋಲು ಬೀಸಿ ಒಬ್ಬನ ಜೀವ ತೆಗೆದಿದ್ದ. ತಪ್ಪು ಮಾಡಿದ್ದ, ನಾನೇನು ಇಲ್ಲ ಅನ್ನುವುದಿಲ್ಲ. ಹತ್ತು ವರ್ಷ ಒಳಗಿದ್ದ. ಅಷ್ಟರಲ್ಲಿ ಹೆಂಡತಿ ತೀರಿಕೊಂಡಿದ್ದಳು, ಮಗಳು ಕಸ್ತೂರಿ ಬಾಲಮಂದಿರ ಸೇರಿದ್ದಳು. ಅಲ್ಲಿನ ಮೇಡಂ ಅವನಿಗೆ ಒಂದೇ ಮಾತು ಹೇಳಿದರು. "ಇರಾಕ ಒಂದು ಮನಿ ತೋರಸು, ಮಗಳ್ನ ಕರಕೊಂಡು ಹೋಗು. ಬಸ್‌ಸ್ಟ್ಯಾಂಡಿನ್ಯಾಗ ಮಲಗವನ ಕೈಯಾಗ ಹೆಣ್ಣುಹುಡುಗೀನ ಹ್ಯಾಂಗ ಕೊಡ್ಲಿ?" ಅವರ ಮಾತು ತಪ್ಪೇ? ತಪ್ಪಲ್ಲ.

ಕಟ್ಟಿಗೆ ಕೊಯ್ಯುವ ಸಾಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಮನೆ ಸಿಗಲಿಲ್ಲ. ಹುಡುಕುತ್ತಾ ಹುಡುಕುತ್ತಾ ಈ ಚಾಳಿಗೆ ಬಂದ. ಒಂದು ಕೋಣೆ ಖಾಲಿ ಇತ್ತು. ಬಾಡಿಗೆ ಮಾತಾಯಿತು, ಸಾಹುಕಾರ ಕೀಲಿ ಕೊಡಲು ಕೈ ಚಾಚಿದ. ಇವನು ಚೌಕಟ್ಟು ಸವರಿ ನೋಡಿದ. "ಸಾಹುಕಾರ್ರ, ಇದು ನನ್ನ ಕೈಕೆಲಸರಿ" ಅಂದ. ಹೆಮ್ಮೆಯಿಂದ ಅಂದ, ಪಾಪ.

"ಅಂದ್ರ, ನೀ ಜೈಲಿನ್ಯಾಗ ಇದ್ದೇನು?"

"ಹೌದ್ರಿ. ಮುಗೀತ್ರಿ ಅದು."

ಚಾಚಿದ ಕೈ ಹಿಂದಕ್ಕೆ ಹೋಯಿತು. "ನಂದೇನಿಲ್ಲಪಾ, ಚಾಳಿನ ಮಂದೀನ ಒಂದ್ಮಾತು ಕೇಳ್ತೇನಿ" ಅಂದ ಸಾಹುಕಾರ. ಕೇಳಿದ. ಆಗಷ್ಟೇ ಹೊಸ್ತಿಲಿಗೆ ಕುಂಕುಮ ಹಚ್ಚಿ ಎದ್ದ ಒಬ್ಬ ಹೆಣ್ಣುಮಗಳು ಹೇಳಿದಳು, "ಅಂವ ಇಲ್ಲಿ ಕಾಲಿಟ್ರ ನಾವು ಮನಿ ಬಿಡ್ತೇವ್ರಿ. ಹೆಣ್ಣುಮಕ್ಕಳಿರೋ ಜಾಗಾ ಇದು." ಅವನಿಗೂ ಹೆಣ್ಣುಮಗಳಿದ್ದಾಳೇನು ಅಂತ ಯಾರೂ ಕೇಳಲಿಲ್ಲ. ಉಳಿದವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರ ಮಗಳನ್ನು ನೋಡಲು ಹೋದ.

"ಅಪ್ಪಾ, ಮನಿ ಸಿಕ್ತೇನು?"

"ಸಿಕ್ಕೇತವ್ವಾ. ಸುಣ್ಣಾ ಹಚ್ಚಾಕತ್ಯಾರ."

ಮುಂದಿನ ಭಾನುವಾರ ಅವಳು ಬಟ್ಟೆಗಂಟು ಕಟ್ಟಿಕೊಂಡು ಕೂತಿದ್ದಳು. "ಇನ್ನೂ ಹಸಿ ಐತವ್ವಾ" ಅಂದ. ಅದರ ಮುಂದಿನ ಭಾನುವಾರ ಹೋಗಲಿಲ್ಲ. ಮಗಳಿಗೆ ಮೂರನೇ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಸಾಮಿಲ್ಲಿನ ಕೆಲಸ ಬಿಟ್ಟ, ಊರು ಬಿಟ್ಟ. ಎಲ್ಲಿ ಹೋದನೋ ಗೊತ್ತಿಲ್ಲ. ಕಸ್ತೂರಿ ಇನ್ನೆಷ್ಟು ಭಾನುವಾರ ಗಂಟು ಕಟ್ಟಿಕೊಂಡು ಕೂತಳೋ, ಅದೂ ಯಾರಿಗೂ ಗೊತ್ತಿಲ್ಲ.

ತಾಯಂದಿರು ಕಣ್ಣೊರೆಸಿಕೊಳ್ಳುತ್ತಿದ್ದೀರಿ. ಬೇಡ, ನನಗೆ ಸಿಟ್ಟು ಬರುತ್ತದೆ. ಮನಸ್ಸಿನಲ್ಲೇ ಆ ಸಾಹುಕಾರನನ್ನು ಬೈಯುತ್ತಿದ್ದೀರಿ, ಅಲ್ಲವೇ? ಬೈದರೆ ಹಗುರಾಗುತ್ತದೆ. ಬಾಗಿಲು ಹಾಕಿಕೊಂಡವರು ಯಾರು? ಅದನ್ನು ಹೇಳಿ. ನಿಮ್ಮಂಥವರೇ. ನ್ಯಾಯಾಧೀಶರು ಹತ್ತು ವರ್ಷ ಅಂದರು, ಅವನು ಹತ್ತು ವರ್ಷ ಕಳೆದು ಬಂದ. ಉಳಿದ ಆಯುಷ್ಯಕ್ಕೆಲ್ಲ ಶಿಕ್ಷೆ ಕೊಟ್ಟಿರಲ್ಲ, ನೀವು ಯಾವ ಕೋರ್ಟಿನವರು? ಆ ಮಗು ಏನು ಮಾಡಿತ್ತು?

ಮನೆ ಬಾಡಿಗೆಗೆ ಕೊಡುವವರು ಕೇಳಿ. ಹೆದರಿಕೆಯಾದರೆ ಅವನು ಕೆಲಸ ಮಾಡುವಲ್ಲಿ ಹೋಗಿ ವಿಚಾರಿಸಿ, ಠಾಣೆಯಲ್ಲಿ ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಶಿಕ್ಷೆ ಮುಗಿಸಿ ಬಂದ ಅನ್ನುವ ಒಂದೇ ಕಾರಣಕ್ಕೆ ಕೀಲಿ ಹಿಂದೆ ಇಟ್ಟುಕೊಳ್ಳಬೇಡಿ. ಬಾಡಿಗೆಗಿರುವವರು ಕೇಳಿ. ಪಕ್ಕದ ಕೋಣೆಗೆ ಅಂಥವನು ಬಂದರೆ ಸುಮ್ಮನೆ ಒಳಗೆ ಹೋಗಬೇಡಿ, ಮಾಲೀಕನ ಎದುರು ನಿಂತು "ಇರ್ಲಿ ಬಿಡ್ರಿ, ನಾವಿದ್ದೇವಿ" ಅನ್ನಿ. ಇಷ್ಟೇ ಮಾತು.

ನಮ್ಮದೂ ಹೇಳಿಬಿಡುತ್ತೇನೆ. ಈ ಮಠದ ಹಿಂದೆ ಆರು ಕೋಣೆಗಳಿವೆ, ಒಳಗೆ ಮುರಿದ ಕುರ್ಚಿಗಳು. ಇಷ್ಟು ವರ್ಷ ನಾನೂ ನೋಡಿಕೊಂಡೇ ಓಡಾಡಿದೆ, ನನಗೆ ನಾಚಿಕೆಯಾಗಬೇಕು. ನಾಳೆ ಬೆಳಿಗ್ಗೆ ನಾನೇ ಕುರ್ಚಿ ಹೊರಗೆ ಹಾಕುತ್ತೇನೆ. ಜೈಲಿನಿಂದ ಬಂದವರು, ಅವರ ಹೆಂಡತಿ ಮಕ್ಕಳು ಅಲ್ಲಿ ಸಂಸಾರ ಮಾಡುತ್ತಾರೆ, ಸ್ವಂತ ಕಾಲ ಮೇಲೆ ನಿಲ್ಲುವವರೆಗೆ. ಅಂಥವರಿರುವ ಮಠಕ್ಕೆ ನಾವು ಬರುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಬಹುದು. ಹೋಗುವಾಗ ಪ್ರಸಾದ ಮಾತ್ರ ಉಂಡು ಹೋಗಿ. ನೀವು ಯಾರು, ಹಿಂದೆ ಏನು ಮಾಡಿ ಬಂದಿರಿ ಅಂತ ಇಲ್ಲಿ ಬಡಿಸುವವರು ಯಾರೂ ಕೇಳುವುದಿಲ್ಲ.